ಹುಣಸೆಬೀಜದ ಬಾಜಿ

ಪಾರ್ಶ್ವವಾಯು ಬಡಿದ ಮೇಲೆ ಸಂಭಾಜಿನಗರದ ನನ್ನ ಗೆಳೆಯ ಕ್ರಿಕೆಟ್ ನೋಡುವುದನ್ನೇ ಬಿಟ್ಟ. ಆಡಿ ಬೆಳೆದವನು, ಟಿ.ವಿ. ಹಾಕಿದರೆ ಮುಖ ತಿರುಗಿಸುತ್ತಿದ್ದ. ಮಾತು ಹೋಗಿತ್ತು, ಎಡಗೈಯಷ್ಟೇ ಅಲ್ಲಾಡುತ್ತಿತ್ತು.

ಅದಕ್ಕೇ ನಮಗ್ಯಾರಿಗೂ ಸರಿಯಾಗಿ ಗೊತ್ತಿಲ್ಲದ ಬೇಸ್‌ಬಾಲ್ ಮೇಲೆ ನಾನೊಂದು ಬಾಜಿಯಾಟ ಕಟ್ಟಿದೆ. ಅಮೆರಿಕದ ಪಂದ್ಯ ನಮಗೆ ಬೆಳಿಗ್ಗೆ ನೇರವಾಗಿ ಬರುತ್ತದೆ. ಚೆಂಡು ಎಸೆಯುವ ಮುಂಚೆ, ಬ್ಯಾಟ್ ಹಿಡಿದವನು ಹೊಡೆಯುತ್ತಾನೆ ಅನ್ನುವವರು ಕೈ ಎತ್ತಬೇಕು, ಇಲ್ಲ ಅನ್ನುವವರು ಸುಮ್ಮನಿರಬೇಕು. ಪಣಕ್ಕೆ ಹುಣಸೆಬೀಜ.

ನಾಸಿಕ್‌ನಿಂದ ನಾನು ಮತ್ತು ಇನ್ನೊಬ್ಬ ಗೆಳೆಯ ಹೋಗಿ ಆಟ ಶುರುಮಾಡಿದೆವು. ಮಂಚದ ಮೇಲಿದ್ದವನ ಕೈ ನಿಧಾನ. ಹೊಡೆತ ಬಿದ್ದ ಮೇಲೆ ಕೈ ಎದ್ದರೂ ಬೀಜ ಅವನಿಗೇ ಕೊಟ್ಟೆವು. ಅದು ತಿಳಿದದ್ದೇ ಅವನು ಇಡೀ ರಾಶಿಯನ್ನು ಮಂಚದಿಂದ ಕೆಳಗೆ ತಳ್ಳಿಬಿಟ್ಟ.

ಅವನ ಹೆಂಡತಿ ಬೀಜ ಆರಿಸುತ್ತಾ, "ಪುಕ್ಕಟೆ ಕೊಡಬ್ಯಾಡ್ರಿ. ಸೋತರ ಸೋಲಲಿ ಬಿಡ್ರಿ" ಅಂದರು.

ನಾನು ನಿಯಮ ಬದಲಿಸಿದೆ. ಎಸೆತಕ್ಕೊಂದು ಬಾಜಿ ಬೇಡ, ಹೊಡೆಯಲು ಹೊಸ ಆಟಗಾರ ಬಂದಾಗ ಒಂದೇ ಸಲ. ಅವನ ಕೈಗೆ ಸಮಯ ಸಿಗುತ್ತದೆ. ಮೊದಲ ಎಸೆತ ಆದಮೇಲೆ ಎದ್ದ ಕೈ ಯಾರದಾದರೂ ಲೆಕ್ಕಕ್ಕಿಲ್ಲ.

ಅವತ್ತು ಅವನು ಎಲ್ಲ ಬೀಜ ಸೋತ. ಆಮೇಲೆ ನನ್ನ ರಾಶಿಯಿಂದ ಒಂದು ಹಿಡಿ ಎಳೆದುಕೊಂಡು, ಮುಂದಿನವನು ಮೈದಾನಕ್ಕೆ ಬರುವ ಮೊದಲೇ ಕೈ ಎತ್ತಿ ಕೂತ.