ಶ್ವಾಸಕೋಶದ ತುಂಡಿಗೆ ಉಸಿರು ಕಾಯುವ ಜೆಲ್ಲಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಭಾಗದ ಪ್ರಯೋಗಾಲಯದಲ್ಲಿ ಒಂದು ದೀಪ ಮಾತ್ರ ಉರಿಯುತ್ತಿದೆ. ಅದರ ಕೆಳಗೆ ನಿಂತ ಹೆಂಗಸು ಬೆಚ್ಚಗಿನ ಬಾಟಲಿಯೊಂದನ್ನು ಮುಂಗೈಗೆ ಒತ್ತಿ ನೋಡುತ್ತಾರೆ, ಕೂಸಿನ ಹಾಲಿನ ಬಿಸಿ ನೋಡುವ ಹಾಗೆ. ಪಕ್ಕದಲ್ಲೇ ಉಷ್ಣಮಾಪಕವಿದೆ. ಅದನ್ನೂ ನೋಡುತ್ತಾರೆ.

"ಬಿಸಿ ಜಾಸ್ತಿಯಾದ್ರೆ ಒಳಗೆಲ್ಲಾ ಬೆಂದುಹೋಗತ್ತೆ. ಆರಿದ್ರೆ ದಾರೀಲೇ ಗಟ್ಟಿಯಾಗಿ ಕೂತ್ಬಿಡತ್ತೆ. ಆಮೇಲೆ ಎಷ್ಟು ಗೋಗರೆದ್ರೂ ಮುಂದೆ ಹೋಗಲ್ಲ."

ಬಾಟಲಿಯಲ್ಲಿರುವುದು ಕರಗಿದ ಜೆಲ್ಲಿ. ಎದುರಿಗೆ ತಣ್ಣನೆಯ ದ್ರವದಲ್ಲಿ ಶ್ವಾಸಕೋಶದ ಒಂದು ತುಂಡು. ನಿನ್ನೆ ಸಂಜೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದದ್ದು, ರೋಗಿಯೇ ಒಪ್ಪಿ ಕೊಟ್ಟದ್ದು. ಅದರ ಸಣ್ಣ ಗಾಳಿನಾಳಕ್ಕೆ ಸಿರಿಂಜು ಹಿಡಿದು ಅವರು ಜೆಲ್ಲಿ ತುಂಬುತ್ತಾರೆ. ಮುದುಡಿದ್ದ ತುಂಡು ಮೆಲ್ಲಗೆ ಉಬ್ಬುತ್ತದೆ, ಇನ್ನೊಮ್ಮೆ ಉಸಿರು ಎಳೆದುಕೊಂಡಂತೆ. ಮಂಜುಗಡ್ಡೆಯ ಮೇಲಿಟ್ಟು ಗಟ್ಟಿಯಾದ ಮೇಲೆ ಯಂತ್ರದ ಬ್ಲೇಡು ಅದನ್ನು ತೆಳ್ಳಗೆ ಕೊಯ್ಯುತ್ತದೆ. ತೇಲಿ ಬರುವ ಪದರಗಳನ್ನು ಅಕ್ಕ ಕುಂಚದಿಂದ ಎತ್ತಿ ತಟ್ಟೆಗಳಿಗೆ ಬಿಡುತ್ತಾರೆ. ಅಲ್ಲಿ ಅವು ಕೆಲವು ದಿನ ಜೀವಂತವಾಗಿರುತ್ತವೆ.

ಇಲ್ಲಿ ಎಲ್ಲರೂ ಅವರನ್ನು ಕರೆಯುವುದು ಜೆಲ್ಲಿ ಅಕ್ಕ ಎಂದೇ. ಮೊದಲು ಬೇಕರಿಯಲ್ಲಿ ಬ್ರೆಡ್ ಕೊಯ್ಯುತ್ತಿದ್ದರು. ಬೇಕರಿ ಮುಚ್ಚಿದಾಗ ಇಲ್ಲಿ ಗಾಜಿನ ಪಾತ್ರೆ ತೊಳೆಯಲು ಸೇರಿದರು. ನೋಡಿ ನೋಡಿ, ಕೇಳಿ ಕೇಳಿ ಈ ಕೆಲಸ ಕಲಿತರು. ದಿನವಿಡೀ ಮಂಜುಗಡ್ಡೆಯ ಜೊತೆ ಇದ್ದು ಬೆರಳ ಗೆಣ್ಣುಗಳು ಊದಿಕೊಂಡಿವೆ. ಬೆಳಿಗ್ಗೆ ಜಡೆ ಹೆಣೆದುಕೊಳ್ಳಲು ಅತ್ತಿಗೆಯ ಕೈ ಬೇಕು.

ಮಾಮೂಲಿ ಮಾತ್ರೆಗಳು ಶ್ವಾಸಕೋಶಕ್ಕೆ ಏನು ಮಾಡುತ್ತವೆ ಎಂಬುದು ಇಲ್ಲಿಯ ಹುಡುಕಾಟ. ಹೃದಯದ ಬಡಿತ ಸರಿಪಡಿಸುವ ಒಂದು ಮಾತ್ರೆ, ಮೂತ್ರದ ಸೋಂಕಿಗೆ ಬಹುಕಾಲ ನುಂಗುವ ಇನ್ನೊಂದು, ಕೀಲುಬಾವಿನದು ಮತ್ತೊಂದು, ಕೆಲವರಲ್ಲಿ ಶ್ವಾಸಕೋಶದ ಒಳಗೆ ಗಾಯದ ಕಲೆಯಂತೆ ಗಡುಸು ಕಟ್ಟಿಸುತ್ತವೆ. ಕಲೆ ಕಟ್ಟಿದ ಜಾಗ ಹಿಗ್ಗುವುದಿಲ್ಲ, ಉಸಿರು ಸಾಲುವುದಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯೊಂದು ಆ ಕಲೆಯನ್ನು ತಗ್ಗಿಸಬಹುದೇ ಎಂದೂ ನೋಡುತ್ತಿದ್ದಾರೆ. ತಟ್ಟೆಗಳಲ್ಲಿನ ಪದರಗಳಿಗೆ ಈ ಮಾತ್ರೆಗಳನ್ನು ಸೋಕಿಸಿ ನೋಡುತ್ತಾರೆ, ಆದರೆ ಯಾವ ಬಣ್ಣದ ಮುಚ್ಚಳದ ಕೆಳಗೆ ಯಾವ ಮಾತ್ರೆ ಇದೆ ಎಂದು ಅಕ್ಕನಿಗೆ ಹೇಳುವುದಿಲ್ಲ. ತಿಳಿದರೆ ಕೈ ಪಕ್ಷಪಾತ ಮಾಡೀತು ಎಂಬುದು ನಿಯಮ.

ಇವತ್ತು ಅಕ್ಕನ ಗಮನವೆಲ್ಲ ಬಾಗಿಲ ಕಡೆಗಿದೆ. ಟೈಲರ್ ಕೆಲಸದ ಅವರ ಅಣ್ಣ ಪರೀಕ್ಷೆಗೆ ಬರುವವರಿದ್ದಾರೆ. ಬಡಿತ ತಪ್ಪುವ ಹೃದಯಕ್ಕೆ ದಿನಾ ಮಾತ್ರೆ ನುಂಗಬೇಕಾದವರು. ನಿನ್ನೆ ಅತ್ತಿಗೆ ಅಂಗಿಗೆ ಗುಂಡಿ ಹುಡುಕುತ್ತಾ ಡಬ್ಬಿ ಸುರಿದರೆ, ಬಿಳಿ ಗುಂಡಿಗಳ ನಡುವೆ ಕೆಲವಕ್ಕೆ ತೂತೇ ಇರಲಿಲ್ಲ. ಅಷ್ಟೂ ಅಣ್ಣ ನುಂಗದೆ ಅಡಗಿಸಿಟ್ಟ ಮಾತ್ರೆಗಳು.

ಮಧ್ಯಾಹ್ನ ಆಸ್ಪತ್ರೆಯ ಮೊಗಸಾಲೆಯಲ್ಲಿ ಮೂವರೂ ಕೂತಿದ್ದಾರೆ.

"ಇವಳೇ ಊಟಕ್ಕೆ ಕೂತಾಗ ಅಂದ್ಲು, ‘ಅಣ್ಣಾ, ನಿನ್ನ ಮಾತ್ರೇನೂ ನಮ್ಮ ತಟ್ಟೆಗೆ ಬಂತು’ ಅಂತ," ಅಕ್ಕನ ಕೆಲಸದ ಬಗ್ಗೆ ಬರೆಯಲು ಬಂದ ನನ್ನ ಮುಂದೆ ಅಣ್ಣ ದೂರುತ್ತಾರೆ. "ಅದಕ್ಕೇ ನುಂಗೋದು ಬಿಟ್ಟೆ. ಪೊಲೀಸ್ನೋರು ಸುಮ್ ಸುಮ್ನೆ ಯಾರನ್ನಾದ್ರೂ ಕರೀತಾರಾ?"

"ಕರೆದೋರೆಲ್ಲಾ ಕಳ್ಳರಾ?" ಅಕ್ಕ ತಲೆ ತಗ್ಗಿಸುತ್ತಾರೆ. "ತಪ್ಪು ನಂದೇ. ದೊಡ್ಡಸ್ತಿಕೆಗೆ ಹೇಳ್ದೆ. ಕೆಲವರಿಗೆ ಮಾತ್ರ ಹಾಗಾಗತ್ತೆ ಅಂತ ಪೂರ್ತಿ ಹೇಳ್ಲಿಲ್ಲ."

"ಪೂರ್ತಿ ಹೇಳಿದ್ರೂ ಅರ್ಧಾನೇ ಕೇಳಿಸ್ಕೊಳ್ಳೋ ಕಿವಿ ಇವರದ್ದು," ಅತ್ತಿಗೆ ಬಿಡುವುದಿಲ್ಲ. "ನಾಕು ಮೆಟ್ಲು ಹತ್ತಿ ಎದೆ ಹಿಡ್ಕೊಂಡು ಕೂತ್ರು. ಕೇಳಿದ್ರೆ, ಮೆಟ್ಲು ಎತ್ತರ ಅಂತೆ!"

ಪರೀಕ್ಷೆಗಳಾದವು. ಶ್ವಾಸಕೋಶದಲ್ಲಿ ಕಲೆಯಿಲ್ಲ. ಬಡಿತ ಮಾತ್ರ ಮತ್ತೆ ದಾರಿ ತಪ್ಪಿದೆ. ಹೃದಯದ ವೈದ್ಯರು ಅಣ್ಣನನ್ನು ಎರಡು ದಿನ ಇಲ್ಲೇ ಇರಿಸಿಕೊಂಡು ಮಾತ್ರೆ ಮತ್ತೆ ಶುರು ಮಾಡುತ್ತಾರಂತೆ. "ನಿಲ್ಲಿಸೋದಾದ್ರೆ ನಾವು ನಿಲ್ಲಿಸ್ತೀವಿ, ನೀವಲ್ಲ," ಎನ್ನುತ್ತಾರೆ. "ಒಣಕೆಮ್ಮು, ಏದುಸಿರು ಬಂದ್ರೆ ತಕ್ಷಣ ಬನ್ನಿ. ಉಸಿರಿನ ಪರೀಕ್ಷೆ ಮಾತ್ರ ತಪ್ಪಿಸ್ಬೇಡಿ."

ಅಣ್ಣನಿಗೆ ಇನ್ನೂ ಅನುಮಾನ. ಮಾತ್ರೆ ಕೈಯಲ್ಲೇ ಇದೆ. "ನಿಮ್ಮ ತಟ್ಟೇಲಿ ಕಲೆ ಕಟ್ಟಿದ್ರೆ?"

"ಕಟ್ಟಬಹುದು. ಅದಕ್ಕೇ ನೋಡ್ತಿರೋದು," ಅಕ್ಕ ನೀರಿನ ಲೋಟ ಮುಂದಿಡುತ್ತಾರೆ. "ಆದ್ರೆ ತಟ್ಟೇಲಿರೋದು ಬರೀ ಶ್ವಾಸಕೋಶ ಅಣ್ಣಾ. ಅದಕ್ಕೆ ಎದೆ ಬಡಿತ ಇಲ್ಲ. ನಿಂಗಿದೆ."

ಅಣ್ಣ ಮಾತ್ರೆ ನುಂಗುತ್ತಾರೆ. ಅತ್ತಿಗೆ ಬಾಯಿ ತೆಗೆಸಿ ನೋಡುತ್ತಾರೆ.

ಅಕ್ಕ ತಟ್ಟೆಗಳ ಬಳಿಗೆ ಮರಳುತ್ತಾರೆ. ನೀಲಿ, ಹಳದಿ, ಕೆಂಪು ಮುಚ್ಚಳಗಳು. ಅಣ್ಣನ ಮಾತ್ರೆ ಯಾವುದರಲ್ಲಿದೆ ಎಂದು ತಿಳಿಯುವ ಆಸೆಯಿಲ್ಲವೇ ಎಂದು ಕೇಳುತ್ತೇನೆ.

"ನಿನ್ನೆವರೆಗೂ ಇತ್ತು. ಈಗ ಬೇಡ. ಗೊತ್ತಾದ್ರೆ ಆ ತಟ್ಟೆಗೆ ಮಾತ್ರ ಒಳ್ಳೇ ಪದರ ಆರಿಸ್ಬಿಡ್ತೀನಿ," ಎನ್ನುತ್ತಾ ಊದಿದ ಬೆರಳುಗಳಲ್ಲಿ ಕುಂಚ ಹಿಡಿದು ಇನ್ನೊಂದು ಪದರವನ್ನು ಬೆಳಕಿಗೆ ಎತ್ತುತ್ತಾರೆ. "ನೋಡಿ, ಎಲ್ಲಾ ಒಂದೇ ದಪ್ಪ."