ಹೆಣ ಎತ್ತುವ ಮೊದಲು ಹಚ್ಚಿದ ಒಲೆ

ಹಿಂದೂಪುರದ ಕಾಲೇಜಿನಲ್ಲಿ ನನ್ನ ಮಗಳು ಎಂ.ಎ. ಇಂಗ್ಲಿಷ್ ಹುಡುಗರಿಗೆ ಪಾಠ ಹೇಳುತ್ತಿದ್ದಳು. ಕೆಲಸ ಖಾಯಂ ಆಗಿರಲಿಲ್ಲ. ಆ ದಿನ ಇಬ್ಬರು ದೊಡ್ಡವರು ಹಿಂದಿನ ಬೆಂಚಿನಲ್ಲಿ ಕೂತು ಅವಳ ಪಾಠ ಕೇಳುವವರಿದ್ದರು. ಅವರಿಗೆ ಒಪ್ಪಿಗೆಯಾಗದಿದ್ದರೆ ಕೆಲಸ ಹೋದಂತೆಯೇ. ಮೊಮ್ಮಗಳು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಅದನ್ನು ಎತ್ತಿಕೊಳ್ಳಲು ಕಲ್ಯಾಣದುರ್ಗದಿಂದ ಬೆಳಗಿನ ಬಸ್ಸಿಗೆ ನಾನೂ ಹೋದೆ.

ಅವತ್ತು ಅವಳು ಪಾಠ ಮಾಡಬೇಕಿದ್ದ ಕಥೆ ನನಗೆ ಗೊತ್ತಿತ್ತು. ಹಿಂದಿನ ದಿನ ನಾನು ಕಡಲೆಕಾಯಿ ಸುಲಿಯುತ್ತಿದ್ದಾಗ ಎದುರಿಗೆ ನಿಂತು ಒಪ್ಪಿಸಿದ್ದಳು. ಗಂಡ ಸತ್ತು ಕೋಣೆಯಲ್ಲಿ ಮಲಗಿದ್ದಾನೆ, ಹೆಂಡತಿ ರೊಟ್ಟಿ ಸುಡುತ್ತಾಳೆ. ಅಷ್ಟೇ ಕಥೆ.

"ಯಾಕೆ ಸುಡ್ತಾಳೆ, ಹೇಳಮ್ಮ ನೋಡಾನ."

"ಹಸಿವಾಗಿತ್ತು ಕಣೇ. ಇನ್ಯಾಕೆ?"

ಆಮೇಲೆ ಬಾಯಿ ತಡೆಯದೆ ಹೇಳಿಬಿಟ್ಟೆ. ಅವಳಪ್ಪ ಸತ್ತ ದಿನ, ಹೆಣ ಎತ್ತುವ ಮೊದಲೇ, ನಾನೂ ಒಲೆ ಹಚ್ಚಿದ್ದೆ. ನಮ್ಮಲ್ಲಿ ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ನೆಂಟರು ಅನ್ನ ತರಬೇಕು. ನಾವಾಗ ಇದ್ದ ಬ್ರಹ್ಮಸಮುದ್ರಕ್ಕೆ ನೆಂಟರು ಬರುವುದು ಮಧ್ಯಾಹ್ನದ ಬಸ್ಸಿಗೆ. ಹೊಗೆ ಏಳದ ಹಾಗೆ ಒಣ ಪುಳ್ಳೆ ಆರಿಸಿ ಹಚ್ಚಿದೆ. "ಯಾರ್ ಮುಂದೂ ಬಾಯಿ ಬಿಡಬ್ಯಾಡ," ಎಂದೂ ಹೇಳಿದ್ದೆ.

ಕಾಲೇಜಿನಲ್ಲಿ ಮಗು ಎತ್ತಿಕೊಂಡು ವರಾಂಡದ ಕಿಟಕಿ ಪಕ್ಕ ಕೂತೆ. ಇಂಗ್ಲಿಷ್ ನನಗೆ ತಿಳಿಯದು. ಹುಡುಗರು ಪಿಳಿಪಿಳಿ ನೋಡಿದಾಗಲೆಲ್ಲ ಅವಳು ತೆಲುಗಿಗೋ ಕನ್ನಡಕ್ಕೋ ಇಳಿಯುತ್ತಿದ್ದಳು. ಕಥೆಯ ಹೆಂಗಸು ಯಾಕೆ ಹಾಗೆ ಮಾಡಿದಳು ಎಂದು ಕೇಳಿದಳು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದೆ ಕೂತಿದ್ದ ದೊಡ್ಡವರಲ್ಲಿ ಒಬ್ಬ ಸೆಲ್ ಫೋನ್ ಒತ್ತತೊಡಗಿದ.

ಕೊನೆಗೊಬ್ಬ ಹುಡುಗ, "ಅವ್ಳೇ ವಿಷ ಹಾಕಿರ್ತಾಳೆ ಬಿಡಿ ಮೇಡಂ," ಅಂದ. ಎಲ್ಲ ಗೊಳ್ಳೆಂದರು.

"ಹೆಣ ಮನೆಯಾಗಿಟ್ಕಂಡು ಒಲೆ ಹಚ್ಚೋಳು ಒಂದು ಹೆಂಗ್ಸಾ? ನಮ್ಮೂರಾಗಾಗಿದ್ರೆ ಉಗಿದು ಓಡಿಸ್ತಿದ್ರು," ಎಂದಳು ಮೂಲೆಯ ಹುಡುಗಿ.

ಮಗಳು ಕಿಟಕಿಯ ಕಡೆ ನೋಡಿದಳು. ಬೇಡವೆಂದು ತಲೆಯಾಡಿಸಿದೆ. ಅವಳು ಪುಸ್ತಕ ಮುಚ್ಚಿದಳು.

"ನಂಗೊತ್ತಿರೋ ಒಬ್ಬಳು ಹಂಗೇ ಹಚ್ಚಿದ್ಲು."

"ಯಾರು ಮೇಡಂ?" ಎಂದಳು ಅದೇ ಹುಡುಗಿ.

"ಉಂಡೋಳು ನಾನು. ಆಗ ನಾಕು ವರ್ಷ ನಂಗೆ."

ನಗು ನಿಂತಿತು. ಹುಡುಗಿ ಮೆಲ್ಲಗೆ, "ಅಪ್ಪ ಇನ್ನೂ ಮನೆಯಾಗೇ ಇದ್ರಾ?" ಎಂದಳು.

"ನಡುಮನೆಯಾಗೆ."

ಒಬ್ಬೊಬ್ಬರೇ ಪುಸ್ತಕ ತೆಗೆದು ಕಥೆಯೊಳಗೆ ಹುಡುಕತೊಡಗಿದರು. ಆ ಮನೆಗೆ ಯಾರಾದರೂ ಬಂದಿದ್ದರಾ, ಹಿಟ್ಟು ಎಷ್ಟಿತ್ತು, ರೊಟ್ಟಿ ತಿಂದವರು ಯಾರು, ಎಂದೆಲ್ಲ ವಾದ. ಸೆಲ್ ಫೋನ್ ಜೇಬಿಗೆ ಹೋಯಿತು. ಪಾಠ ಮುಗಿದಾಗ ದೊಡ್ಡವರಿಬ್ಬರೂ ನನ್ನ ಮುಖ ನೋಡಿಕೊಂಡೇ ದಾಟಿದರು.

ಬಸ್ಸಿನಲ್ಲಿ ಮಗಳು, "ಬೈದ್ಬುಡಮ್ಮ," ಅಂದಳು.

"ನನ್ ಮಾನ ಹರಾಜಿಗಿಟ್ಟು ಬಂದ್ಬುಟ್ಟೆಯಲ್ಲೇ."

ಅವಳು ಮಗುವಿಗೆ ಹಾಲು ಕೊಟ್ಟಳು.

ಕೆಲಸ ಉಳಿಯಿತು. ಇನ್ನೊಂದು ಸಲ ಹೋದಾಗ ಮೂಲೆಯ ಹುಡುಗಿ ಬೆಂಚು ಒರೆಸಿ ಕೂರಿಸಿದಳು. ಕೂತೆ. ಅವತ್ತಿನಿಂದ ಮಗಳ ಮುಂದೆ ಹಳೆಯದೊಂದನ್ನೂ ಬಾಯಿ ಬಿಟ್ಟಿಲ್ಲ. ಕೇಳಿದರೆ ಮರೆತುಹೋಗಿದೆ ಅನ್ನುತ್ತೇನೆ. ಮರೆತೇನೂ ಇಲ್ಲ.