ಅಪರಂಜಿಯ ಎದುರು ಎಳೆದ ಗೆರೆ

ಸೋಮವಾರದ ಪತ್ರಿಕೆಯ ಒಳಪುಟದಲ್ಲಿ, ಸಿನಿಮಾ ಜಾಹೀರಾತುಗಳ ಪಕ್ಕ, ಅಂಗೈಯಗಲದ ಒಂದು ಅಂಕಣ ಬರುತ್ತಿತ್ತು. ಹಿಂದಿನ ವಾರ ಮುಂಬಯಿಯ ಪೇಟೆಯಲ್ಲಿ ಏನು ಏರಿತು, ಏನು ಇಳಿಯಿತು, ಹತ್ತಿ ಹೇಗಿದೆ, ಕಡಲೆಕಾಯಿ ಎಣ್ಣೆ ಹೇಗಿದೆ, ಗಿರಣಿಗಳ ಷೇರು ಯಾವ ಕಡೆ ವಾಲುತ್ತಿದೆ, ಇಷ್ಟು ಹೇಳಿ ಕೊನೆಯಲ್ಲಿ ಬೆಳ್ಳಿ, ಅದರ ಕೆಳಗೆ ಅಪರಂಜಿ, ಅಂದರೆ ಬೆರಕೆಯಿಲ್ಲದ ಚಿನ್ನ. ನಾನು ಓದಲು ಕಲಿತದ್ದು ಆ ಅಂಕಣದಿಂದ. ಸ್ಕೂಲಿಗೂ ಹೋಗಿದ್ದೆ. ಆದರೆ ಮೂರನೇ ಕ್ಲಾಸಿನ ನಡುವೆ ಅಪ್ಪ ನನ್ನನ್ನು ಎಬ್ಬಿಸಿಕೊಂಡು ಬಂದು, ಅಗ್ಗಿಷ್ಟಿಕೆಯ ಮುಂದೆ ಕೂರಿಸಿ, ಊದುಗೊಳವೆಯನ್ನು ಕೈಗೆ ಕೊಟ್ಟ ಮೇಲೆ ಅಕ್ಷರಗಳು ಒಂದೊಂದಾಗಿ ಮರೆತುಹೋದವು. ಅಪ್ಪ ತೀರಿಕೊಂಡು ಚಿನ್ನ ಕೊಳ್ಳುವ ಹೊಣೆಯೂ ನನ್ನ ತಲೆಗೆ ಬಂದಾಗ ಧಾರಣೆ ತಿಳಿಯದೆ ಗತಿಯಿರಲಿಲ್ಲ. ಮತ್ತೆ ಕೂಡಿಸಿ ಕೂಡಿಸಿ ಓದಿದೆ. ‘ಸ್ಥಿರ’, ‘ಮಂದ’, ‘ಏರುಮುಖ’, ‘ಬೇಡಿಕೆ ಕ್ಷೀಣ’. ಹಾಗಾಗಿ ನನಗೆ ಬರುತ್ತಿದ್ದ ಪುಸ್ತಕದ ಮಾತೆಲ್ಲ ಪೇಟೆಯ ಮಾತೇ. ಮಗುವಿಗೆ ಜ್ವರ ಬಂದು ಯಾರಾದರೂ ವಿಚಾರಿಸಿದರೆ ‘ಬೆಳಿಗ್ಗೆಯಿಂದ ಸ್ಥಿರವಾಗಿದೆ’ ಅನ್ನುತ್ತಿದ್ದೆ. ನನ್ನ ಹೆಂಡತಿ ಇದನ್ನು ತವರಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದಳು.

ಜಯನಗರದಲ್ಲಿ ಮನೆಗಳು ಏಳತೊಡಗಿದಾಗ ಊರೊಳಗಿನ ಹಳೆಯ ಪೇಟೆಯಲ್ಲಿದ್ದ ನಮ್ಮ ಗಿರಾಕಿಗಳು ಒಬ್ಬೊಬ್ಬರಾಗಿ ಆ ಕಡೆ ಹೋದರು. ನಾನೂ ಅವರ ಹಿಂದೆಯೇ ಬಾಡಿಗೆ ಮನೆ ಹಿಡಿದು ಬಂದೆ. ಮುಂದಿನ ಕೋಣೆಯೇ ಅಂಗಡಿ. ಆಗ ನಮ್ಮ ಬೀದಿ ಮುಗಿದ ಕಡೆ ರಾಗಿ ಹೊಲ ಶುರುವಾಗುತ್ತಿತ್ತು. ಉತ್ತರಹಳ್ಳಿಯ ಕಡೆಯ ಒಕ್ಕಲಿನವರು ಗಾಡಿ ಕಟ್ಟಿಕೊಂಡು ಬಂದರೆ ಎತ್ತು ಬಿಚ್ಚಲು ನಮ್ಮ ಮನೆಯ ಮುಂದೆ ಬೇಕಾದಷ್ಟು ಜಾಗ. ಕೆಲಸ ಬೇಕಾದಷ್ಟಿತ್ತು. ಬೆಳಿಗ್ಗೆ ಕೂತರೆ ಬೆಳಕು ಹೋಗುವವರೆಗೂ ಏಳುತ್ತಿರಲಿಲ್ಲ. ಬೆಂಕಿಯಲ್ಲಿ ಚಿನ್ನವಿದ್ದಾಗ ಅಕ್ಕಸಾಲಿಗ ಯಾರು ಬಂದರೂ ಏಳಕೂಡದು ಎನ್ನುವುದು ನಮ್ಮಲ್ಲಿನ ನಡವಳಿಕೆ. ಅಮಲ್ದಾರರು ಬಂದು ನಿಂತಾಗಲೂ ಅಪ್ಪ ಕತ್ತು ಮಾತ್ರ ಆಡಿಸಿದ್ದನ್ನು ನಾನು ಕಂಡಿದ್ದೇನೆ. ನಾನೂ ಹಾಗೆಯೇ ಇದ್ದೆ. ಅದರಲ್ಲಿ ನನಗೆ ಹೆಮ್ಮೆಯಿತ್ತು.

ಪತ್ರಿಕೆ ತರಿಸುತ್ತಿದ್ದವರು ಎದುರುಮನೆಯ ಯಜಮಾನರು. ಶಿರಸ್ತೇದಾರರಾಗಿ ನಿವೃತ್ತರಾದವರು. ಇದ್ದ ಹಣದಲ್ಲಿ ಒಂದು ಬಟ್ಟೆ ಗಿರಣಿಯ ಷೇರು ಕೊಂಡು, ಅದು ಏರುವುದನ್ನೇ ಕಾಯುತ್ತಿದ್ದರು. ಸೋಮವಾರ ತಮ್ಮ ಷೇರು ನೋಡಿ ಮುಗಿಸಿದ ಮೇಲೆ ಪುಟವನ್ನು ಮಡಚಿ ಗೇಟಿನ ಮೇಲಿಂದ ನನಗೆ ಕೊಡುತ್ತಿದ್ದರು. ಬಿಟ್ಟಿ ಓದುವುದು ನನಗೆ ಒಗ್ಗದು. ಅದಕ್ಕೆ ಹಬ್ಬ ಬಂದಾಗಲೆಲ್ಲ ಅವರ ಪೂಜೆಯ ಬೆಳ್ಳಿ ಸಾಮಾನಿಗೆ ಹೊಳಪು ಕೊಟ್ಟು ಕಳಿಸುತ್ತಿದ್ದೆ.

“ಆಚಾರ್ರೇ, ನಿಮ್ದು ಹೇಗಿದೆ ಈ ವಾರ?”

“ಸ್ಥಿರ ಸ್ವಾಮಿ. ನಿಮ್ಮದು?”

“ನಮ್ಮ ಗಿರಣಿ ಮಲಗಿದೆ. ಎಬ್ಬಿಸೋರಿಲ್ಲ.”

ಎಷ್ಟೋ ವರ್ಷ ನಮ್ಮ ಸೋಮವಾರ ಹೀಗೆಯೇ ನಡೆಯಿತು.

ಚೀನಾ ಯುದ್ಧವಾಯಿತು. ದೇಶಕ್ಕೆ ಚಿನ್ನ ಕೊಡಿ ಎಂದಾಗ ನನ್ನ ಹೆಂಡತಿ ಮೈದಾನದಲ್ಲಿ ಸಾಲು ನಿಂತು ತನ್ನ ಬಳೆ ಬಿಚ್ಚಿ ಕೊಟ್ಟು ಬಂದಳು. ನಾನೇ ಮಾಡಿದ್ದ ಬಳೆ. ಕೊಟ್ಟದ್ದಕ್ಕೆ ನಮಗಿಬ್ಬರಿಗೂ ಬೇಸರವಿರಲಿಲ್ಲ. ಅದಾಗಿ ಸಂಕ್ರಾಂತಿಯ ಹೊತ್ತಿಗೆ ಕಾನೂನು ಬಂತು: ಹದಿನಾಲ್ಕು ಕ್ಯಾರೆಟ್ಟಿಗಿಂತ ಶುದ್ಧವಾದ ಚಿನ್ನದಲ್ಲಿ ಇನ್ನು ಮೇಲೆ ಯಾರೂ ಒಡವೆ ಮಾಡಕೂಡದು. ಅಂದರೆ ಇಪ್ಪತ್ತನಾಲ್ಕು ಪಾಲಿನಲ್ಲಿ ಹತ್ತು ಪಾಲು ತಾಮ್ರವೋ ಬೆಳ್ಳಿಯೋ. ಅದನ್ನು ಬಡಿದರೆ ಬಾಗುವುದಿಲ್ಲ, ಸೀಳುತ್ತದೆ. ಬಣ್ಣ ಹಳೆಯ ತಾಮ್ರದ ಕೊಡದ ಬಣ್ಣ. ಅಂಥದ್ದನ್ನು ಹೆಣ್ಣುಮಕ್ಕಳ ಕತ್ತಿಗೆ ಹಾಕು ಎಂದರೆ ಯಾರು ಕೊಳ್ಳುತ್ತಾರೆ? ಯಾರೂ ಕೊಳ್ಳಲಿಲ್ಲ.

ಮುಂದಿನ ಸೋಮವಾರದ ಅಂಕಣದಲ್ಲಿ ಬೆಳ್ಳಿಗೆ ಎಂದಿನಂತೆ ಧಾರಣೆಯಿತ್ತು. ಅಪರಂಜಿಯ ಎದುರು ಅಂಕಿ ಇರಲಿಲ್ಲ, ಒಂದು ಸಣ್ಣ ಗೆರೆ ಎಳೆದಿದ್ದರು. ಅಚ್ಚಿನ ತಪ್ಪಿರಬೇಕೆಂದು ಪುಟವನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ಮುಂದಿನ ವಾರವೂ ಗೆರೆಯೇ.

ಹೊಸ ಕೆಲಸ ಬರುವುದು ನಿಂತಿತು. ಕೊಟ್ಟಿದ್ದವರೂ ಬಂದು ಚಿನ್ನ ವಾಪಸು ಒಯ್ದರು. ಆದರೂ ನಾನು ದಿನಾ ಸ್ನಾನ ಮಾಡಿ, ವಿಭೂತಿ ಇಟ್ಟು, ಅಗ್ಗಿಷ್ಟಿಕೆ ಹೊತ್ತಿಸಿ ಕೂರುತ್ತಿದ್ದೆ. ಕೆಲಸವಿಲ್ಲದ ಮೇಲೆ ಇದ್ದಿಲು ಯಾಕೆ ಸುಡುತ್ತೀರೆಂದು ಹೆಂಡತಿ ಕೇಳಿದರೆ ಊದುಗೊಳವೆ ಎತ್ತಿಕೊಳ್ಳುತ್ತಿದ್ದೆ. ಮೊದಲು ಹಾಲು ನಿಂತಿತು. ಆಮೇಲೆ ಅವಳು ಹಪ್ಪಳ ಒತ್ತಿ ಸುತ್ತಲ ಮನೆಗಳಿಗೆ ಕೊಡತೊಡಗಿದಳು. ಯಾವ ಮನೆಗಳವರು ಒಡವೆಗಾಗಿ ನನ್ನ ಮುಂದೆ ನಿಂತು ಕಾಯುತ್ತಿದ್ದರೋ ಅದೇ ಮನೆಗಳ ಹಿಂಬಾಗಿಲಿಗೆ ಅವಳು ಡಬ್ಬ ಹಿಡಿದು ಹೋಗುತ್ತಿದ್ದಳು. ಹಳೆಯ ಪೇಟೆಯಲ್ಲಿ ನಮ್ಮ ಕಸುಬಿನವರೊಬ್ಬರು ತಾವಾಗಿಯೇ ಪ್ರಾಣ ಕಳೆದುಕೊಂಡರೆಂಬ ಸುದ್ದಿ ಬಂದ ಮರುದಿನ, ಗೂಡಿನಲ್ಲಿದ್ದ ಚಿನ್ನ ತೊಳೆಯುವ ದ್ರಾವಕದ ಸೀಸೆ ಕಾಣಲಿಲ್ಲ. ಎಲ್ಲಿಟ್ಟೆ ಎಂದು ಹೆಂಡತಿಯನ್ನು ನಾನು ಕೇಳಲಿಲ್ಲ.

ಬೇಸಿಗೆ ಬರುವ ಹೊತ್ತಿಗೆ ಅಂಕಣದಲ್ಲಿ ಒಂದು ಸಾಲು ಬಂತು. ನಿಯಮ ಸಡಿಲವಾಗುವ ನಿರೀಕ್ಷೆ ಪೇಟೆಯಲ್ಲಿದೆ, ಎಂದು. ಆ ಪುಟವನ್ನು ಶಿರಸ್ತೇದಾರರಿಂದ ಕೇಳಿ ಪಡೆದು, ಮನೆಗೆ ತಂದು ಹೆಂಡತಿಗೆ ಎರಡು ಸಲ ಓದಿದೆ. ನನ್ನ ಲೆಕ್ಕದಲ್ಲಿ ಪೇಟೆ ಸುಳ್ಳು ಹೇಳುವುದಿಲ್ಲ. ಏರಿತು ಎಂದರೆ ಏರಿರುತ್ತದೆ, ಇಳಿಯಿತು ಎಂದರೆ ಇಳಿದಿರುತ್ತದೆ. ಇಷ್ಟು ವರ್ಷ ಓದಿದ್ದರಲ್ಲಿ ಒಂದು ಸಲವೂ ಅದು ನನಗೆ ಮೋಸ ಮಾಡಿರಲಿಲ್ಲ. ಇದನ್ನೂ ಹಾಗೆಯೇ ನಂಬಿದೆ.

ಆ ವಾರವೇ ಉತ್ತರಹಳ್ಳಿಯ ಗೌಡರು ಬಂದರು. ಅವರ ಅಜ್ಜಿಯ ತಾಳಿ ನಮ್ಮ ತಾತ ಮಾಡಿದ್ದು, ಅವರ ಹೆಂಡತಿಯ ತಾಳಿ ನಮ್ಮಪ್ಪ ಮಾಡಿದ್ದು. ಈಗ ಮಗಳ ಮದುವೆ. ಅವರವ್ವ ಕತ್ತಿಗೆ ಹಾಕುತ್ತಿದ್ದ ಹಳೆಯ ಅಡ್ಡಿಕೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದರು. ಅದನ್ನು ಕರಗಿಸಿ ತಾಳಿ ಆಗಬೇಕು. ಹೊಸ ಕಾನೂನಿನಲ್ಲಿ ಹಳೆಯ ಒಡವೆ ಕರಗಿಸಿದರೂ ಹದಿನಾಲ್ಕಕ್ಕೆ ಇಳಿಸಿಯೇ ಮಾಡಬೇಕು ಎಂದು ಹೇಳಿದೆ.

“ಬೆರಕೆ ತಾಳಿ ಕಟ್ಟಿಸಿ ಹೆಣ್ಣು ಕಳಿಸ್ಲಾ ಆಚಾರ್ರೇ? ನೀವೇ ಹೇಳಿ.”

ಕಿಟಕಿ ಮುಚ್ಚಿಕೊಂಡು ಮಾಡಿಕೊಡಿ, ಯಾರಿಗೆ ಗೊತ್ತಾಗುತ್ತದೆ ಅಂದರು. ತಾಳಿ ಮಾಡುವ ದಿನ ಹುಡುಗಿಯ ಮನೆಯವರು ಅಕ್ಕಿ ಬೆಲ್ಲ ತಾಂಬೂಲ ತಂದು ಅಂಗಡಿಯ ಮುಂದೆ ಕೂರಬೇಕು, ಬೀದಿಯವರು ನೋಡಬೇಕು, ನಾನು ಉಪವಾಸವಿದ್ದು ಬೆಂಕಿಗೆ ಪೂಜೆ ಮಾಡಿ ಚಿನ್ನ ಇಡಬೇಕು. ಅಂಥ ಕೆಲಸವನ್ನು ಕಳ್ಳನಂತೆ ಮಾಡಲು ನನ್ನಿಂದಾಗುವುದಿಲ್ಲ ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು.

“ಎರಡು ವಾರ ತಡೀರಿ ಗೌಡ್ರೇ. ಸಡಿಲ ಆಗುತ್ತೆ. ಪೇಪರಲ್ಲಿ ಬಂದಿದೆ.”

ಅವರು ಅಡ್ಡಿಕೆಯತ್ತ ಕೈ ಚಾಚಿದರು.

“ಲಗ್ನ ಬರೋ ವಾರ. ನಿಮ್ ಪೇಪರ್ನೋರು ಬೇರೆ ಮುಹೂರ್ತ ಇಟ್ಕೊಡ್ತಾರಾ?”

ಅಡ್ಡಿಕೆಯನ್ನು ಮತ್ತೆ ಟವೆಲಿಗೆ ಸುತ್ತಿಕೊಂಡು ಎದ್ದರು. ಮುಹೂರ್ತ ಯಾರಿಗೂ ಕಾಯುವುದಿಲ್ಲವೆಂಬುದು ನಮ್ಮ ಕಸುಬಿನಲ್ಲಿ ಊದುಗೊಳವೆ ಹಿಡಿಯುವ ಮೊದಲೇ ಗೊತ್ತಿರಬೇಕಾದ ಮಾತು. ಮಳೆಯಿರಲಿ, ಮನೆಯಲ್ಲಿ ಸಾವಾಗಿರಲಿ, ತಾಳಿ ಮಾತ್ರ ಹೊತ್ತಿಗೆ ಕೊಟ್ಟವರು ನಾವು. ಮದುವೆ ಮುಂದಿಟ್ಟುಕೊಂಡು ಬಂದವರಿಗೆ ಪೇಟೆ ನೋಡಿ ಬನ್ನಿ ಎಂದು ನಮ್ಮ ಮನೆತನದಲ್ಲಿ ಹೇಳಿದವನು ನಾನೊಬ್ಬನೇ. ತಾಳಿಯನ್ನು ಮಡಿವಾಳದ ಕಡೆಯ ಯಾರೋ ಬಾಗಿಲು ಹಾಕಿಕೊಂಡು ಮಾಡಿಕೊಟ್ಟರಂತೆ. ಆ ಮನೆಯವರು ನನ್ನ ಹತ್ತಿರ ಮತ್ತೆ ಬರಲಿಲ್ಲ. ಅವರ ಬಳಗದವರೂ ಬರಲಿಲ್ಲ.

ಎರಡು ವಾರ ಕಳೆಯಿತು. ಗೆರೆ ಹಾಗೆಯೇ ಇತ್ತು.

ನನ್ನ ಸ್ಥಿತಿ ಶಿರಸ್ತೇದಾರರಿಗೆ ಕಾಣದೆ ಇರಲಿಲ್ಲ. ಹಿಂದೆ ಅವರ ಕೈಕೆಳಗೆ ಇದ್ದವರೊಬ್ಬರು ಈಗ ಒಂದು ಕಚೇರಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದರು. ಅಲ್ಲಿ ಜವಾನನ ಜಾಗ ಖಾಲಿಯಿತ್ತು. ಕಸುಬು ಹೋದ ಅಕ್ಕಸಾಲಿಗರಿಗೆ ವಯಸ್ಸಿನ ಅಡ್ಡಿಯಿಲ್ಲದೆ ಕೊಡಬಹುದೆಂದು ಸರ್ಕಾರವೇ ಹೇಳಿತ್ತು. ಆಷಾಢ ಮುಗಿಯುವವರೆಗೆ ಜಾಗ ಹಿಡಿದಿಡುತ್ತಾರೆ, ಹೂಂ ಅನ್ನಿ ಎಂದರು. ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಆಲೋಚಿಸಿ ಹೇಳುತ್ತೇನೆ ಎಂದೆ.

ಒಳಗೆ ಹೋದ ಮೇಲೆ ಅವಳಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಬೆಲ್ ಹೊಡೆದಾಗಲೆಲ್ಲ ಎದ್ದು ನಿಲ್ಲುವ ಕೆಲಸ ಅದು ಎಂದೆ. ನೀವು ಕೂತು ಕೂತು ಮಕ್ಕಳಿಗೆ ಏನು ಹಾಕಿದಿರಿ ಎಂದಳು. ಅಷ್ಟು ಗಟ್ಟಿಯಾಗಿ ಅವಳು ಎಂದೂ ಮಾತಾಡಿದವಳಲ್ಲ. ಇನ್ನೊಂದು ಸೋಮವಾರ ನೋಡೋಣ ಎಂದೆ. ಆ ಸೋಮವಾರವೂ ಅಂಕಣದಲ್ಲಿ ಅದೇ ‘ನಿರೀಕ್ಷೆ’ ಇತ್ತು. ಗೇಟಿನ ಹತ್ತಿರ ಅದನ್ನೇ ಶಿರಸ್ತೇದಾರರಿಗೆ ಬೆರಳಿಟ್ಟು ತೋರಿಸಿದೆ.

“ಆಚಾರ್ರೇ, ನನ್ನ ಗಿರಣಿ ಬಗ್ಗೆನೂ ಅವರು ನಿರೀಕ್ಷೆ ಅಂತಾನೇ ಬರೀತಾ ಇದಾರೆ. ನನಗೆ ಪೆನ್ಶನ್ ಇದೆ, ಕಾಯ್ತೀನಿ. ನಿಮಗೇನಿದೆ?”

ಅವರ ದನಿಯಲ್ಲಿ ಹಂಗಿಸುವ ಧಾಟಿ ಇರಲಿಲ್ಲ. ಆದರೂ ನನಗೆ ಸಿಟ್ಟು ಬಂತು. ಪುಟವನ್ನು ಮಡಚಿ ಅವರ ಕೈಗೆ ಕೊಟ್ಟು ಬಂದೆ.

ನಮ್ಮಲ್ಲಿ ಅಕ್ಕಸಾಲಿಗ ಕೂರುವ ಕೋಣೆಗೆ ಗಾರೆ ಹಾಕಿಸುವುದಿಲ್ಲ. ಅರ ಉಜ್ಜುವಾಗ ಹಾರುವ ಚಿನ್ನದ ಪುಡಿಯನ್ನು ಎಷ್ಟು ಬಳಿದರೂ ಒಂದಿಷ್ಟು ಮಣ್ಣಿನ ನೆಲಕ್ಕೆ ಸೇರುತ್ತದೆ. ಅದು ನಮ್ಮ ಪಾಲಿನದಲ್ಲ. ವರ್ಷಕ್ಕೊಮ್ಮೆ, ಮದುವೆಗಳಿಲ್ಲದ ಆಷಾಢದಲ್ಲಿ, ಜಾಲಗಾರರು ಬರುತ್ತಾರೆ. ನೆಲದ ಮೇಲುಮಣ್ಣು ಕೆರೆದು, ಒಲೆಯ ಬೂದಿ ಬಳಿದು, ಕೆರೆಗೆ ಒಯ್ದು ತೊಳೆದು, ಸಿಕ್ಕ ಚೂರಿನಲ್ಲಿ ಬದುಕುತ್ತಾರೆ. ನಮ್ಮ ಮನೆಗೆ ಬರುತ್ತಿದ್ದವಳು ಅಪ್ಪನ ಕಾಲದಿಂದಲೂ ಗೊತ್ತಿದ್ದ ಮುದುಕಿ. ಅಕ್ಕಸಾಲಿಗ ತನ್ನ ಕಸ ತಾನೇ ತೊಳೆದರೆ ಅವನ ಬೆಂಕಿ ಆರುತ್ತದೆ ಎಂಬ ಮಾತಿದೆ. ಆ ಆಷಾಢದಲ್ಲಿ ಒಂದು ಬೆಳಿಗ್ಗೆ, ಹೆಂಡತಿ ಹಪ್ಪಳ ಕೊಡಲು ಹೋದಾಗ, ಗುದ್ದಲಿ ತಂದು ನೆಲ ಅಗೆದೆ. ಮಣ್ಣನ್ನು ಹಿತ್ತಲಿಗೆ ಹೊತ್ತು, ಬಾಣಲೆಯಲ್ಲಿ ನೀರು ಬಿಟ್ಟು ತೊಳೆಯುತ್ತಾ ಕೂತೆ. ಕೆಸರು ಹೋಗುತ್ತಿತ್ತೋ ಚಿನ್ನವೇ ಹೋಗುತ್ತಿತ್ತೋ ತಿಳಿಯುತ್ತಿರಲಿಲ್ಲ. ತಲೆ ಎತ್ತಿದರೆ ಮುದುಕಿ ಚೀಲ ಹಿಡಿದು ನಿಂತಿದ್ದಳು.

“ನಾ ಬರೋಗಂಟ ತಡೀಲಿಲ್ವಾ ಆಚಾರ್ರೇ?”

ನಾನು ಬಾಣಲೆ ಬಿಡಲಿಲ್ಲ. ಅವಳೇ ಮೆಟ್ಟಿಲ ಮೇಲೆ ಕೂತಳು.

“ಪ್ಯಾಟೇಲೂ ಎಲ್ರೂ ಹಿಂಗೇ ಕುಂತವ್ರೆ, ನೆಲ ಬಗೆದ್ಕಂಡು. ಯಾರನ್ನ ಏನಂತ ಬಯ್ಯಾನ.”

ನೀರು ಕೇಳಿದಳು. ಕೊಟ್ಟೆ. ಕುಡಿದು, ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದಳು. ತೊಳೆದದ್ದನ್ನೆಲ್ಲ ಮೂಸೆಗೆ ಹಾಕಿ ಕಾಯಿಸಿದೆ. ಜಯನಗರದಲ್ಲಿ ನಾನು ಕೂತ ಅಷ್ಟೂ ವರ್ಷ ಸೇರಿ ಒಂದು ರಾಗಿಕಾಳಿನಷ್ಟು ಗುಂಡು ಇಳಿಯಿತು. ಒರೆಗಲ್ಲಿಗೆ ತಿಕ್ಕಿದೆ. ಅಪ್ಪಟ. ಅದರಿಂದ ಒಂದು ಮೂಗುಬೊಟ್ಟಿನ ತಿರುಪು ಮಾಡಬೇಕೆಂದರೂ ಕಾನೂನಿನ ಪ್ರಕಾರ ತಾಮ್ರ ಬೆರೆಸಬೇಕು. ಚಿಮುಟದಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ. ಹೆಂಡತಿ ಬಂದಳು. ಅಗೆದ ನೆಲ ನೋಡಿದಳು, ನನ್ನ ಕೈ ನೋಡಿದಳು, ಅಡಿಗೆಮನೆಗೆ ಹೋದಳು.

ಮುಂದಿನ ಸೋಮವಾರ ಆಷಾಢದ ಕೊನೆಯ ಸೋಮವಾರ. ಶಿರಸ್ತೇದಾರರು ಪುಟ ಕೊಟ್ಟರು. ಹತ್ತಿ ಇತ್ತು, ಎಣ್ಣೆ ಇತ್ತು, ಬೆಳ್ಳಿ ಇತ್ತು. ಅಂಕಣ ಬೆಳ್ಳಿಗೇ ಮುಗಿದಿತ್ತು. ಅಪರಂಜಿ ಎಂಬ ಹೆಸರೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಮೇಲಿನಿಂದ ಕೆಳಕ್ಕೆ ಇನ್ನೊಮ್ಮೆ ಓದಿದೆ. ನನ್ನ ಜನ್ಮದಲ್ಲಿ ಕೆಲಸ ಕೇಳಿಕೊಂಡು ಯಾರ ಮನೆಯ ಬಾಗಿಲಿಗೂ ಹೋದವನಲ್ಲ.

“ಸ್ವಾಮಿ, ಆ ಜಾಗ ಇನ್ನೂ ಇದೆಯಾ?”

“ಇದೆ. ಇವತ್ತೇ ಹೋಗಬೇಕು.”

ಅವರು ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದು ನನ್ನ ಜೊತೆ ಬಸ್ಸು ಹತ್ತಿದರು. ದಾರಿಯಲ್ಲಿ ಪೇಟೆಯ ಮಾತು ತೆಗೆಯಲಿಲ್ಲ. ಕಚೇರಿಯಲ್ಲಿ ಗುಮಾಸ್ತರು ನನ್ನ ಬೆರಳುಗಳನ್ನು ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಶಿರಸ್ತೇದಾರರೇ ಹೇಳಿದರು. ಅಂದಿನಿಂದಲೇ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದರು. ಒಳಗೆ ಬೆಲ್ ಆಯಿತು. ಎದ್ದೆ.

ಆ ವರ್ಷ ಮುಗಿಯುವುದರೊಳಗೆ ಹಳೆಯ ಒಡವೆ ಕರಗಿಸಿ ಹಾಗೆಯೇ ಮಾಡಬಹುದೆಂದು ಸಡಿಲಿಸಿದರು. ಮುಂದೆ ಕೆಲವು ವರ್ಷಕ್ಕೆ ಹದಿನಾಲ್ಕರ ಕಟ್ಟೂ ಹೋಯಿತು. ಪೇಟೆ ನಿರೀಕ್ಷಿಸಿದ್ದು ಸುಳ್ಳಾಗಲಿಲ್ಲ. ಅಷ್ಟು ದಿನ ಕಾಯುವಷ್ಟು ಅನ್ನ ನನ್ನ ಮನೆಯಲ್ಲಿರಲಿಲ್ಲ, ಅಷ್ಟೇ.

ಆ ಮೊದಲ ದಿನ ಸಂಜೆ ಬಸ್ಸಿಳಿದು ಮನೆಗೆ ಬಂದಾಗ ಮುಂದಿನ ಕೋಣೆಯ ಬಾಗಿಲು ತೆರೆದಿತ್ತು. ಅಗ್ಗಿಷ್ಟಿಕೆ, ಅಡಿಗಲ್ಲು, ನನ್ನ ಮಣೆ ಎಲ್ಲವನ್ನೂ ಹೆಂಡತಿ ಹಿತ್ತಲಿಗೆ ಸಾಗಿಸಿ ಗೋಣಿ ಮುಚ್ಚಿದ್ದಳು. ನಾನು ಅಗೆದಿದ್ದ ನೆಲಕ್ಕೆ ಎಲ್ಲಿಂದಲೋ ಹೊಸ ಮಣ್ಣು ತಂದು ತುಂಬಿ, ಬಡಿದು, ಸಗಣಿ ಸಾರಿಸುತ್ತಾ ಕೊನೆಯ ಮೂಲೆಯಲ್ಲಿದ್ದಳು. ಮೊಣಕೈವರೆಗೂ ಹಸಿರಾಗಿತ್ತು. ನಾನು ಹೊಸ್ತಿಲಿಗೆ ಕಾಲಿಟ್ಟೆ.

“ಬರಬೇಡಿ ರೀ, ಇನ್ನೂ ಒದ್ದೆ ಇದೆ,” ಎಂದಳು. ತಿರುಗಿ ನೋಡದೆ, “ಮಕ್ಕಳು ಮಲಗೋಕೆ ಜಾಗ ಆಯ್ತು,” ಎಂದಳು.

ಪಕ್ಕದ ಬಾಗಿಲಿನಿಂದ ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ನೆಲ ಒಣಗುವವರೆಗೆ ಬೀದಿಯಲ್ಲೇ ನಿಂತಿದ್ದೆ.